ಮೈನಸ್ ಇಪ್ಪತ್ತರ ಬಾಗಿಲ ಮುಂದೆ ಎಂಟು ಜೊತೆ ಕಾಲುಂಗುರ

ಹೋದ ವಾರ ಎರಡು ಫೋಟೋ ಹಾಕಿದ್ದೆ. ಒಂದರಲ್ಲಿ ನಾನು ಮೊಣಕಾಲುದ್ದದ ದಪ್ಪ ಜಾಕೆಟ್ ಹಾಕ್ಕೊಂಡು, ಮೂಗು ಬಾಯಿ ಮುಚ್ಕೊಂಡು ಕರಡಿ ಥರ ನಿಂತಿದೀನಿ. ಇನ್ನೊಂದರಲ್ಲಿ ಫ್ಯಾಕ್ಟ್ರಿ ಕಟ್ಟೆ ಮೇಲೆ ಬರಿಗಾಲಲ್ಲಿ ಕೂತು ಟೀ ಕುಡೀತಿದೀನಿ. ಮೊದಲನೇದಕ್ಕೆ ಒಬ್ಬರು ಕೇಳಿದಾರೆ, ಹಾಸನದಲ್ಲಿ ಎಲ್ಲಿ ಮೇಡಂ ಅಷ್ಟು ಚಳಿ, ಶೋಕಿಗಾ ಅಂತ. ಎರಡನೇದಕ್ಕೆ ಇನ್ನೊಬ್ಬರು, ಅವರೂ ಹೆಂಗಸೇ, ಕೇಳಿದಾರೆ: ಗಂಡ ಇದಾರಲ್ಲ ನಿಮಗೆ, ಕಾಲುಂಗುರ ಎಲ್ಲಿ? ಅದಕ್ಕೆ ಲೈಕ್ ಬೇರೆ ಬಿದ್ದಿದಾವೆ, ನನ್ನ ಫೋಟೋಗಿಂತ ಜಾಸ್ತಿ.

ಎರಡು ಪ್ರಶ್ನೆಗೂ ಉತ್ತರ ಒಂದೇ. ಸ್ವಲ್ಪ ಉದ್ದ ಇದೆ. ಪುರುಸೊತ್ತಿಲ್ಲದೋರು ಮುಂದಕ್ಕೆ ಹೋಗಿ, ನನಗೇನೂ ಬೇಜಾರಿಲ್ಲ.

ಹಾಸನದಿಂದ ಚನ್ನರಾಯಪಟ್ಟಣದ ಕಡೆ ಬರೋ ರಸ್ತೇಲಿ ತರಕಾರಿ ಫ್ರೀಜ್ ಮಾಡೋ ಫ್ಯಾಕ್ಟ್ರೀಲಿ ನನ್ನ ಕೆಲಸ. ಸ್ವೀಟ್ ಕಾರ್ನು, ಬೀನ್ಸು, ಬಟಾಣಿ, ನುಗ್ಗೇಕಾಯಿ ಎಲ್ಲಾ ಅಲ್ಲಿ ಕಲ್ಲಾಗುತ್ತೆ. ಕಲ್ಲಾದ ಮಾಲು ಬಾಕ್ಸಲ್ಲಿ ಕೂತು ಕಂಟೇನರ್ ಬರೋವರೆಗೂ ಒಂದು ದೊಡ್ಡ ರೂಮಲ್ಲಿ ಇರುತ್ತೆ. ಆ ರೂಮಲ್ಲಿ ಮೈನಸ್ ಇಪ್ಪತ್ತು ಡಿಗ್ರಿ. ಹೊರಗಡೆ ಏಪ್ರಿಲ್ ಬಿಸಿಲು ರಸ್ತೆ ಟಾರು ಕರಗಿಸ್ತಾ ಇರ್ಲಿ, ಒಳಗಡೆ ಉಸಿರು ಬಿಟ್ರೆ ರೆಪ್ಪೆ ಕೂದಲು ಬೆಳ್ಳಗಾಗುತ್ತೆ. ಫ್ಯಾನ್ ಕೆಳಗೆ ನಿಂತ್ರಂತೂ ಯಾರೋ ಕಪಾಳಕ್ಕೆ ಹೊಡೆದ ಹಂಗೆ.

ಬೆಳಗಿನ ಶಿಫ್ಟಲ್ಲಿ ಅದರೊಳಗೆ ಹೋಗೋರು ಎಂಟು ಜನ ಹೆಂಗಸರು. ಹತ್ತು ಕೇಜಿ ಬಾಕ್ಸು ಇಳಿಸೋದು, ಲೇಬಲ್ ನೋಡಿ ಆರಿಸೋದು, ತಳ್ಳೋ ಗಾಡಿಗೆ ಜೋಡಿಸೋದು. ಇಪ್ಪತ್ತು ನಿಮಿಷ ಒಳಗೆ, ಹತ್ತು ನಿಮಿಷ ಹೊರಗೆ. ಎಂಟರಲ್ಲಿ ನಾನೂ ಒಬ್ಬಳು. ಸೂಪರ್‌ವೈಸರ್ ಅಂತ ಎದೆ ಮೇಲೆ ಕಾರ್ಡ್ ಇದೆ, ಆದ್ರೆ ಬಾಕ್ಸ್ ಎತ್ತೋದು ತಪ್ಪಿಲ್ಲ.

ನಾನು ಈ ರೂಮಿಗೆ ಬಂದಾಗ ಇದ್ದಿದ್ದು ಎಂಟೇ ಜಾಕೆಟ್. ಶಿಫ್ಟು ಎರಡು. ಮಧ್ಯಾಹ್ನದೋರು ಬೆವರಿ ಬಿಚ್ಚಿ ಗುಡ್ಡೆ ಹಾಕಿ ಹೋಗಿರೋದನ್ನ ಬೆಳಿಗ್ಗೆ ನಾವು ಹಾಕ್ಕೋಬೇಕು. ಮುಟ್ಟಿದ್ರೆ ಒಳಗಡೆ ತಣ್ಣಗೆ, ಒದ್ದೆ. ಜಾಕೆಟ್ ಕಾಲರಲ್ಲಿ ಮೈನಸ್ ಇಪ್ಪತ್ತೈದಕ್ಕೆ ತಡೆಯುತ್ತೆ ಅಂತ ಚೀಟಿ ಹೊಲಿದಿದ್ರು. ಒಣಗಿದ್ರೆ ತಡೆಯುತ್ತೆ. ಒದ್ದೆ ಜಾಕೆಟ್ ಹಾಕ್ಕೊಂಡು ಒಳಗೆ ಹೋಗೋದೂ ಒಂದೇ, ಒದ್ದೆ ಗೋಣಿಚೀಲ ಸುತ್ಕೊಂಡು ಹೋಗೋದೂ ಒಂದೇ. ಚೀಟಿಗೆ ಅದು ಗೊತ್ತಿಲ್ಲ, ಮ್ಯಾನೇಜರ್ರಿಗೂ ಗೊತ್ತಿರ್ಲಿಲ್ಲ.

ನಮ್ಮ ಮ್ಯಾನೇಜರ್ರು ಕೆಟ್ಟೋರಲ್ಲ. ಆದ್ರೆ ಏನು ಕೇಳಿದ್ರೂ ಬಲಗೈ ಬೆರಳಲ್ಲಿರೋ ಹವಳದ ಉಂಗುರ ತಿರುಗಿಸ್ತಾ, "ನೋಡಣ ಬಿಡಮ್ಮ" ಅಂತಾರೆ. ಆ ಉಂಗುರ ಜ್ಯೋತಿಷ್ಯದೋರು ಹೇಳಿ ಹಾಕಿಸಿದ್ದಂತೆ, ಸ್ನಾನಕ್ಕೂ ತೆಗೆಯಲ್ಲವಂತೆ. ಅವರ ಬಾಯಲ್ಲಿ ಎಂಟು ಸಲ "ನೋಡಣ" ಕೇಳಿ ಒಂಬತ್ತನೇ ಸಲ ನಾನು ಆ ಒದ್ದೆ ಜಾಕೆಟ್ಟನ್ನೇ ತಗೊಂಡು ಹೋಗಿ ಅವರ ಕುರ್ಚಿ ಬೆನ್ನಿಗೆ ನೇತುಹಾಕಿ ಬಂದೆ. ಅರ್ಧ ಗಂಟೇಲಿ ಕರೆದ್ರು. ಶರ್ಟು ಬೆನ್ನಿಗೆ ಅಂಟ್ಕೊಂಡಿತ್ತು. ಹೊಸ ಸಾಮಾನು ತರಿಸ್ತೀನಿ, ಏನೇನು ಬೇಕು ನೀವೇ ಆರಿಸಿ ಕೊಡಿ ಅಂದ್ರು.

ಆರಿಸಿದೆ. ಹೆಮ್ಮೆಯಿಂದಲೇ ಆರಿಸಿದೆ. ತಲೆಗೊಂದು ಜಾಕೆಟ್, ಒಳಗಿನ ಪದರ ಬಿಚ್ಚಿ ಬೇರೆ ಒಣಗಿಸೋ ಥರದ್ದು. ಮೈಗೆ ಅಂಟೋ ಹಂಗೆ ಹತ್ತಿ ಬಟ್ಟೆ ಬೇಡ ಅಂದೆ, ಯಾಕಂದ್ರೆ ಹತ್ತಿ ಬೆವರು ಕುಡಿದು ಬಿಡೋದೇ ಇಲ್ಲ. ಸೀರೆ ನೆರಿಗೆ ಒದ್ದೆಯಾಗಿ ಹಲಗೆ ಥರ ಗಟ್ಟಿಯಾಗೋದು ನೋಡಿದ್ದೆ, ಅದಕ್ಕೆ ಒಳಗೆ ತೆಳು ಥರ್ಮಲ್ ಪ್ಯಾಂಟು, ಮೇಲೆ ದಪ್ಪದ್ದು. ಗ್ಲೌಸು ಎರಡು: ಒಳಗೆ ತೆಳುವಾದ ಹೆಣೆದಿದ್ದು, ಮೇಲೆ ದಪ್ಪದ್ದು. ಗ್ಲೌಸ್ ಆರಿಸೋಕೆ ನನ್ನ ಪರೀಕ್ಷೆ ಒಂದೇ, ಹಾಕ್ಕೊಂಡು ಲೇಬಲ್ ಕೀಳೋಕಾಗ್ಬೇಕು. ಆಗಲಿಲ್ಲ ಅಂದ್ರೆ ಒಳಗೆ ಹೋದ ಐದೇ ನಿಮಿಷಕ್ಕೆ ಎಲ್ರೂ ಗ್ಲೌಸ್ ಬಿಚ್ಚೇ ಬಿಚ್ತಾರೆ, ಬಿಚ್ಚಿದ ಕೈ ಕಬ್ಬಿಣದ ಗಾಡಿಗೆ ಅಂಟುತ್ತೆ.

ಬೂಟಿನ ಅಳತೆ ನಾನೇ ತಗೊಂಡೆ. ಬೆಳಿಗ್ಗೆ ಶಿಫ್ಟಿಗೆ ಮುಂಚೆ ಒಬ್ಬೊಬ್ಬರನ್ನೂ ಹಳೇ ಪೇಪರ್ ಮೇಲೆ ಬರಿಗಾಲಲ್ಲಿ ನಿಲ್ಲಿಸಿ, ಸುತ್ತ ಪೆನ್ನಲ್ಲಿ ಗೆರೆ ಎಳೆದೆ. ಕೂದಲೆಳೆ ವ್ಯತ್ಯಾಸ ಇಲ್ಲದ ಹಂಗೆ. ಈ ಸಾಲು ನೆನಪಿಟ್ಕೊಳ್ಳಿ. ನಾನು ಮಾಡಿದ ದೊಡ್ಡ ತಪ್ಪು ಇದೇ, ಆವತ್ತು ಮಾತ್ರ ನನಗೆ ನಾನೇ ಬುದ್ಧಿವಂತೆ ಅನ್ನಿಸ್ಕೊಂಡಿದ್ದೆ.

ಹೊಸ ಸಾಮಾನು ಬಂತು. ಮೊದಲ ಎಡವಟ್ಟು ಮಾಡಿದ್ದು ಹಿರೀಸಾವೆ ಅಕ್ಕ. ನಮ್ಮೆಂಟು ಜನದಲ್ಲಿ ವಯಸ್ಸಲ್ಲೂ ಬಾಯಲ್ಲೂ ದೊಡ್ಡೋಳು. ಭಾನುವಾರ ರಜಕ್ಕೆ ಜಾಕೆಟ್ ಮನೆಗೆ ತಗೊಂಡೋಗಿ, ಕಲ್ಲಿನ ಮೇಲೆ ಎತ್ತೆತ್ತಿ ಒಗೆದು, ಹಿಂಡಿ, ಬಿಸಿಲಿಗೆ ಹಾಕಿ ತಂದಿದ್ದಾಳೆ. ಒಳಗೆ ತುರುಕಿದ್ದ ಅರಳೆಯಂಥ ತುಂಬು ಎಲ್ಲಾ ಕಿತ್ತು ಕೆಳಗಡೆ ಗಂಟಾಗಿ ಕೂತಿದೆ. ಸೊಂಟದ ಸುತ್ತ ಇಡ್ಲಿ ಕಟ್ಕೊಂಡ ಹಂಗೆ, ಬೆನ್ನಲ್ಲಿ ಬರೀ ಎರಡು ಬಟ್ಟೆ. ಕೇಳಿದ್ರೆ, ಒಗೆಯೋದು ಅಂದ್ರೆ ಇನ್ನೆಂಗೆ ಒಗೀಬೇಕು, ಮುದ್ದು ಮಾಡಬೇಕಾ ಅಂದ್ಲು.

ಹೌದು, ಮುದ್ದೇ ಮಾಡಬೇಕು. ಉಗುರುಬೆಚ್ಚಗಿನ ನೀರು, ಸ್ವಲ್ಪವೇ ಸೋಪು, ಅದ್ದಿ ಒತ್ತಿ ತೆಗೆಯೋದು, ಹಿಂಡಂಗಿಲ್ಲ, ನೆರಳಲ್ಲಿ ಅಡ್ಡ ಹಾಕಿ ಒಣಗಿಸೋದು, ಅರ್ಧ ಒಣಗಿದಾಗ ಕೈಯಲ್ಲಿ ತಟ್ಟಿ ತುಂಬನ್ನ ಬಿಡಿಸೋದು. ನಮ್ಮಲ್ಲೇ ಒಬ್ಬಳು ಹೊಳೆನರಸೀಪುರದೋಳು ಟೈಲರಿಂಗ್ ಗೊತ್ತಿರೋಳು. ಅವಳು ಅಕ್ಕನ ಜಾಕೆಟ್ಟು ಬಿಚ್ಚಿ, ತುಂಬು ಹರಡಿ, ಗೇಣಿಗೊಂದು ಹೊಲಿಗೆ ಹಾಕಿ ಸರಿ ಮಾಡಿದ್ಲು. ಆವತ್ತಿಂದ ಅವಳಿಗೆ ಟೈಲರಮ್ಮ ಅಂತಲೇ ಹೆಸರು. ಜಿಪ್ಪಿನ ಹಲ್ಲಿಗೆ ಮೇಣದಬತ್ತಿ ತಿಕ್ಕಿದ್ರೆ ಮಂಜು ಕಚ್ಚಲ್ಲ ಅನ್ನೋದನ್ನೂ ಅವಳೇ ಹೇಳ್ಕೊಟ್ಟಿದ್ದು.

ಒಣಗಿಸೋಕೆ ಜಾಗ ಬೇಕಿತ್ತು. ಕಂಪ್ರೆಸರ್ ರೂಮಿನ ಹಿಂದಿನ ಗೋಡೆ ಸದಾ ಬೆಚ್ಚಗಿರುತ್ತೆ, ಅಲ್ಲಿ ಹಗ್ಗ ಕಟ್ಟಿಸಿದೆ. ಬೂಟಿನ ಒಳಗಿನ ಅಟ್ಟೆ ತೆಗೆದು ಬೇರೆ ಇಡೋದು, ಬೂಟಿಗೆ ಪೇಪರ್ ತುರುಕೋದು, ಗಂಟೆ ಬಿಟ್ಟು ಪೇಪರ್ ಬದಲಾಯಿಸೋದು. ಹೀಟರ್ ಮುಂದೆ ಇಟ್ರೆ ಬೇಗ ಒಣಗುತ್ತೆ, ಅಟ್ಟೆ ಅಂಟೂ ಬಿಡುತ್ತೆ, ಅದಕ್ಕೆ ಬೇಡ. ಎಲ್ಲಾ ನಡೀತಿತ್ತು. ಕಾಲು ಮಾತ್ರ ತಣ್ಣಗೇ ಇತ್ತು.

ಎಂಟೂ ಜನ ಅದನ್ನೇ ಹೇಳೋರು. ಮೈ ಬೆಚ್ಚಗೆ, ಕಾಲು ಬೆರಳು ಮಂಜುಗಡ್ಡೆ. ನನಗೆ ಹೊಳೆದಿದ್ದು ಒಂದೇ, ಸಾಕ್ಸ್ ಸಾಲ್ತಿಲ್ಲ. ಹಾಸನದ ಅಂಗಡೀಲಿ ದಪ್ಪ ಉಣ್ಣೆ ಸಾಕ್ಸ್ ತರಿಸಿ, ಇದ್ದಿದ್ದರ ಮೇಲೆ ಇನ್ನೊಂದು ಜೊತೆ ಹಾಕ್ಕೊಳ್ಳಿ ಅಂದೆ. ಬೂಟು ಬಿಗಿಯಾಗುತ್ತೆ ಅಂದ್ರು. ಬಿಗಿಯಾದ್ರೆ ಗಾಳಿ ಹೋಗಲ್ಲ, ಒಳ್ಳೇದೇ ಅಂದೆ. ಇದನ್ನ ಹೇಳಿದ್ದು ನಾನೇ, ಇದೇ ಬಾಯಲ್ಲಿ.

ಆ ವಾರ ಎರಡು ಕಂಟೇನರ್ ತುಂಬಬೇಕಿತ್ತು. ಹೊರಗೆ ಬಂದು ಹತ್ತು ನಿಮಿಷ ಕೂರೋದು ಐದಾಯ್ತು. ಗುರುವಾರ ಬೆಳಿಗ್ಗೆ ಟೀ ಟೈಮಲ್ಲಿ ಅರಕಲಗೂಡಿನೋಳು ಬೆಂಚಲ್ಲಿ ಕೂತು ಬಲಗಾಲ ಬೂಟು ಬಿಚ್ಚಿದ್ಲು. ಮೂವತ್ತೆರಡೋ ಮೂವತ್ಮೂರೋ ವಯಸ್ಸು, ಬೇಗ ದೂರು ಹೇಳೋಳಲ್ಲ. ಬೆರಳು ಮುಟ್ಟಿ ಮುಟ್ಟಿ ನೋಡಿದ್ಲು. ಆಮೇಲೆ ನನ್ನನ್ನ ಕರೆದು, "ಅಕ್ಕ, ಈ ಬೆರಳು ನಂದಲ್ಲ ಅನ್ಸ್ತಾದೆ ಕಣಕ್ಕ" ಅಂದ್ಲು.

ಹೆಬ್ಬೆರಳ ಪಕ್ಕದ ಬೆರಳು. ಕಾಲುಂಗುರ ಇರೋ ಬೆರಳು. ಉಂಗುರದಿಂದ ತುದಿಯವರೆಗೂ ಮೇಣದ ಹಂಗೆ ಬಿಳಿ, ಮುಟ್ಟಿದ್ರೆ ಗಟ್ಟಿ. ಅವಳಿಗೆ ನಾನು ಮುಟ್ಟಿದ್ದೇ ಗೊತ್ತಾಗ್ಲಿಲ್ಲ. ಹಿರೀಸಾವೆ ಅಕ್ಕ ಕೊಬ್ಬರಿ ಎಣ್ಣೆ ಹಾಕಿ ಗಸಗಸ ತಿಕ್ತೀನಿ ಅಂತ ಬಂದ್ಲು, ಇನ್ನೊಬ್ಬಳು ಕ್ಯಾಂಟೀನ್ ಒಲೆ ಹತ್ರ ಕೂರಿಸಣ ಅಂದ್ಲು. ತಿಕ್ಕಬಾರದು, ಬೆಂಕಿಗೆ ಹಿಡೀಬಾರದು ಅಂತ ಗೋಡೆ ಮೇಲಿನ ಚಾರ್ಟಲ್ಲಿ ಬರೆದಿದ್ದನ್ನ ನಾನು ದಿನಾ ಕೈ ತೊಳೆಯುವಾಗ ಓದ್ತಿದ್ದೆ. ಬಕೆಟ್ಟಲ್ಲಿ ಮಗೂಗೆ ನೀರು ಹಾಕುವಾಗ ಮೊಣಕೈ ಅದ್ದಿ ನೋಡ್ತೀವಲ್ಲ, ಅಷ್ಟೇ ಬಿಸಿಯ ನೀರು ಮಾಡಿ ಕಾಲು ಇಡಿಸಿದೆ. ಬಣ್ಣ ತಿರುಗ್ತಾ ನೋವು ಶುರುವಾಯ್ತು. ಬೆರಳು ಊದ್ತು. ಉಂಗುರ ಒಳಗೆ ಹೂತೋಯ್ತು.

ಫ್ಯಾಕ್ಟ್ರಿ ಗಾಡೀಲಿ ಹಾಸನಕ್ಕೆ ಆಸ್ಪತ್ರೆಗೆ ಕರ್ಕೊಂಡು ಹೋದೆ. ಡಾಕ್ಟ್ರು ನೋಡಿದ ತಕ್ಷಣ ಹೇಳಿದ್ರು, ಮೊದಲು ಈ ಉಂಗುರ ಕತ್ತರಿಸ್ಬೇಕು, ರಕ್ತ ಹೋಗ್ತಿಲ್ಲ. ಅಷ್ಟು ಹೊತ್ತು ನೋವಿಗೆ ಒಂದು ಹನಿ ಕಣ್ಣೀರು ಹಾಕದೋಳು ಕಾಲು ಎಳೆದುಕೊಂಡ್ಲು.

"ಬ್ಯಾಡ ಸಾ. ಬೆರಳು ಓದ್ರೆ ಓಗ್ಲಿ. ನಮ್ಮತ್ತೆ ತೊಡಿಸಿದ್ದು ಅದು. ಅವ್ರು ಚೆನ್ನಾಗಿರಂಗೇ ಕತ್ತರಿಸ್ಕಂಡು ಮನೆಗೆ ಎಂಗೋಗ್ಲಿ?"

ಅವ್ರು ಅಂದ್ರೆ ಗಂಡ. ನನಗೆ ಸಿಟ್ಟು ಬಂತು, ಅವಳ ಮೇಲಲ್ಲ. ಆದ್ರೂ ಬಾಯಿಂದ ಬಂದಿದ್ದು ಅವಳಿಗೇ.

"ಬೆರಳು ಹೋದ್ಮೇಲೆ ಉಂಗುರ ಎಲ್ಲಿಗೆ ಹಾಕ್ಕೋತೀಯೇ?"

ಅವಳು ಕಣ್ಣು ಮುಚ್ಚಿ ಕಾಲು ಮುಂದಕ್ಕೆ ಚಾಚಿದ್ಲು. ಡಾಕ್ಟ್ರು ಪುಟ್ಟ ಕಟರಲ್ಲಿ ಕತ್ತರಿಸಿದ್ರು. ಬೆಳ್ಳಿ ಉಂಗುರ ಬಾಯಿ ಬಿಟ್ಕೊಂಡು ಟ್ರೇಗೆ ಬಿತ್ತು. ಅವಳು ಅದನ್ನ ಕರ್ಚೀಫಲ್ಲಿ ಕಟ್ಟಿ ಬ್ಲೌಸೊಳಗೆ ಇಟ್ಕೊಂಡ್ಲು.

ಡಾಕ್ಟ್ರು ಬೂಟು ಸಾಕ್ಸು ಎಲ್ಲಾ ತರಿಸಿ ನೋಡಿದ್ರು. ಬೂಟೊಳಗೆ ಕೈ ಹಾಕಿ, ಎರಡು ಜೊತೆ ಸಾಕ್ಸು ಹಾಕ್ಕೋ ಅಂದಿದ್ದು ಯಾರು ಅಂತ ಕೇಳಿದ್ರು. ನಾನೇ ಸಾ ಅಂದೆ. ಅವರು ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು.

"ಸಾಕ್ಸು ಬಿಸಿ ಮಾಡಲ್ಲಮ್ಮ. ಬಿಸಿ ಮಾಡೋದು ರಕ್ತ. ಸಾಕ್ಸು ಅದನ್ನ ಹಿಡಿದಿಡುತ್ತೆ ಅಷ್ಟೇ. ನೀವು ಬೂಟು ಬಿಗಿ ಮಾಡಿ ರಕ್ತಾನೇ ನಿಲ್ಲಿಸಿದೀರ. ಮೇಲಿಂದ ಉಂಗುರ ಬೇರೆ ಬೆರಳಿಗೆ ಒತ್ತಿದೆ."

ಬೂಟಿನ ಮೂತಿ ಮೇಲೆ ಬೆರಳಲ್ಲಿ ತಟ್ಟಿದ್ರು. ಒಳಗೆ ಕಬ್ಬಿಣದ ಕವಚ. ಬಾಕ್ಸ್ ಬಿದ್ರೆ ಕಾಲು ಉಳೀಲಿ ಅಂತ ಇಟ್ಟಿರೋದು, ಆದ್ರೆ ಮೈನಸ್ ಇಪ್ಪತ್ತರಲ್ಲಿ ಅದೇ ಒಂದು ಐಸ್ ಪಾತ್ರೆ. ಬೆರಳು ಉಳಿಯುತ್ತೋ ಇಲ್ವೋ ಈಗಲೇ ಹೇಳೋಕಾಗಲ್ಲ, ಕಾಯಬೇಕು ಅಂದ್ರು.

ಮಾರನೇ ದಿನ ಮ್ಯಾನೇಜರ್ರು ಕರೆದ್ರು. ಟೇಬಲ್ ಮೇಲೆ ಟೈಪ್ ಮಾಡಿದ ಕಾಗದ. ಸೋಮವಾರದಿಂದ ಫ್ರೀಜರ್ ರೂಮಿಗೆ ಲೋಡಿಂಗಿನ ಗಂಡಸರು ಹೋಗ್ತಾರೆ, ನಾವೆಲ್ಲಾ ಹೊರಗೆ ಕಾಯಿ ಆರಿಸೋ ಹಾಲಿಗೆ. ಅಲ್ಲಿ ಈಗಾಗಲೇ ಜನ ಜಾಸ್ತಿ. ಎಂಟರಲ್ಲಿ ನಾಲ್ಕು ಜನ ಮನೆಗೆ ಹೋಗ್ತಾರೆ ಅನ್ನೋದು ಕಾಗದದಲ್ಲಿ ಇರ್ಲಿಲ್ಲ, ಆದ್ರೆ ಅವರ ಮುಖದಲ್ಲಿ ಇತ್ತು. ಕಾರಣ ಅಂತ ಬರೆದಿದ್ದು, ಹೆಂಗಸರ ದೇಹಕ್ಕೆ ಈ ಚಳಿ ಹೊಂದಲ್ಲ. ಕೆಳಗೆ ನನ್ನ ಸೈನಿಗೆ ಜಾಗ.

"ತಪ್ಪು ಬರೆದಿದೀರ ಸಾ" ಅಂದೆ. "ಅಳತೆ ತಗೊಂಡ ಸೂಪರ್‌ವೈಸರಿಗೆ ಬುದ್ಧಿ ಇರ್ಲಿಲ್ಲ ಅಂತ ಬರೀರಿ. ಕಬ್ಬಿಣದ ಮೂತಿ ಬೂಟು ಪಾಸ್ ಮಾಡಿದ ಮ್ಯಾನೇಜರಿಗೂ ಇರ್ಲಿಲ್ಲ ಅಂತ ಕೆಳಗೆ ಸೇರ್ಸಿ. ಅದಕ್ಕಾದ್ರೆ ಈಗಲೇ ಸೈನ್ ಹಾಕ್ತೀನಿ."

ಹವಳದ ಉಂಗುರ ಗಿರಗಿರ ತಿರುಗ್ತು. ನಾನು ಕೂತ್ಕೊಂಡೇ ಎಲ್ಲಾ ಹೇಳಿದೆ. ಗಂಡಸರನ್ನ ಕಳಿಸಿದ್ರೂ ಇದೇ ಬೂಟಲ್ಲಿ ಇದೇ ಆಗುತ್ತೆ, ಸ್ವಲ್ಪ ತಡವಾಗಿ ಆಗುತ್ತೆ ಅಷ್ಟೇ. ಹೊಸ ಬೂಟು ಕೊಡಿ, ಹತ್ತು ದಿನ ಕೊಡಿ, ಹತ್ತು ನಿಮಿಷದ ರೆಸ್ಟು ಐದು ಮಾಡಬೇಡಿ. ಅವರು ಬೂಟಿಗೆ ಒಪ್ಪಿದ್ರು, ರೆಸ್ಟಿಗೂ ಒಪ್ಪಿದ್ರು. ಕಾಲುಂಗುರದ ಮಾತು ಬಂದಾಗ ಮಾತ್ರ ಎರಡೂ ಕೈ ಎತ್ತಿದ್ರು. ಮುತ್ತೈದೇರು ಕಾಲುಂಗುರ ತೆಗೀಬೇಕು ಅಂತ ನಾನು ನೋಟೀಸ್ ಹಾಕಿದ್ರೆ ನಾಳೆ ಗೇಟ್ ಮುಂದೆ ಯಾರ್ಯಾರು ಬಂದು ನಿಲ್ತಾರೋ ಗೊತ್ತಿಲ್ಲ, ನೀವೇ ಒಪ್ಪಿಸಿ, ಹತ್ತು ದಿನದಲ್ಲಿ ಆಗಲಿಲ್ಲ ಅಂದ್ರೆ ಈ ಕಾಗದ ಇಲ್ಲೇ ಇರುತ್ತೆ ಅಂದ್ರು.

ಒಪ್ಪಿಸೋದು ಸುಲಭ ಅಂದ್ಕೊಂಡಿದ್ದೆ. ಉಳಿದ ಆರು ಜನ ಬಟ್ಟೆ ಬದಲಾಯಿಸೋ ರೂಮಲ್ಲಿ ಕೂತಿದ್ರು, ಡಾಕ್ಟ್ರು ಹೇಳಿದ್ದೆಲ್ಲಾ ಹೇಳಿದೆ. ಮೊದಲು ಬಾಯಿ ಬಿಟ್ಟಿದ್ದು ಹಿರೀಸಾವೆ ಅಕ್ಕ.

"ಗಂಡ ಸತ್ತಾಗ ತೆಗ್ಯೋದು ಕಣಮ್ಮ ಅದು. ದಿನಾ ಬೆಳಿಗ್ಗೆ ಎಂಟಕ್ಕೆ ಆವಯ್ಯನ್ನ ಸಾಯ್ಸಿ, ಸಂಜೆ ನಾಕಕ್ಕೆ ಎಬ್ಬುಸ್ಕಂಡು ಓಗನಾ?"

ಎಲ್ರೂ ನಕ್ರು, ನಾನೂ ನಕ್ಕೆ. ಆದ್ರೆ ಯಾರೂ ತೆಗೀಲಿಲ್ಲ. ಸಡಿಲ ಉಂಗುರ ಹಾಕ್ಕೋತೀವಿ, ಬಟ್ಟೆ ಸುತ್ಕೋತೀವಿ ಅಂದ್ರು. ಸುತ್ತಿದ್ರೆ ಇನ್ನೂ ಬಿಗಿ. ಸಡಿಲ ಆದ್ರೂ ಬೂಟು ಒತ್ತುತ್ತೆ. ಮಾತಲ್ಲಿ ಇದು ಮುಗಿಯಲ್ಲ ಅಂತ ಎರಡು ದಿನಕ್ಕೆ ಗೊತ್ತಾಯ್ತು. ನಿಜ ಹೇಳ್ಬೇಕು ಅಂದ್ರೆ ಅಷ್ಟು ದಿನ ನನ್ನ ಕಾಲುಂಗುರಾನೂ ಕಾಲಲ್ಲೇ ಇತ್ತು. ಇಪ್ಪತ್ನಾಲ್ಕು ವರ್ಷದಿಂದ ಇತ್ತು. ಬೇರೆಯವರಿಗೆ ತೆಗೀರಿ ಅನ್ನೋಳು ನಾನು ತೆಗೀದೆ ಕೂತಿದ್ದೆ.

ಬುಧವಾರ ಬೆಳಿಗ್ಗೆ ಬಾತ್ರೂಮಲ್ಲಿ ಕೂತು ಸೋಪು ಹಚ್ಚಿ ಬಲಗಾಲಿಂದು ಎಳೆದೆ. ಸುಲಭಕ್ಕೆ ಬರ್ಲಿಲ್ಲ. ಬಂದಮೇಲೆ ಬೆರಳ ಸುತ್ತ ಬಿಳೀ ಗೆರೆ, ಆ ಜಾಗ ಬಿಸಿಲನ್ನೇ ಕಂಡಿರ್ಲಿಲ್ಲ. ಎಡಗಾಲಿಂದು ಬೇಕಂತಲೇ ಬಿಟ್ಟೆ.

ಫ್ಯಾಕ್ಟ್ರೀಲಿ ಎಲ್ರನ್ನೂ ಕರೆದೆ. ಎಡಗಾಲಿಗೆ ಹಳೇ ಬೂಟು, ಉಂಗುರ, ಎರಡು ಜೊತೆ ಸಾಕ್ಸು. ಬಲಗಾಲಿಗೆ ಲೋಡಿಂಗಿನವರಿಂದ ಕೇಳಿ ತಂದ ಏಳನೇ ನಂಬರ್ ಬೂಟು, ಮೂತೀಲಿ ಕಬ್ಬಿಣ ಇಲ್ಲದ್ದು, ಒಂದೇ ಸಾಕ್ಸು. ಒಂದು ಕಾಲು ಹೆಂಗಸಿಂದು, ಒಂದು ಕಾಲು ಗಂಡಸಿಂದು ಅಂತ ಅಕ್ಕ ಆಡ್ಕೊಂಡ್ಲು. ಹಂಗೇ ಒಳಗೆ ಹೋಗಿ ಇಪ್ಪತ್ತು ನಿಮಿಷ ಬಾಕ್ಸ್ ಎತ್ತಿದೆ. ಹೊರಗೆ ಬಂದು ಬೆಂಚಲ್ಲಿ ಕೂತು ಎರಡೂ ಬಿಚ್ಚಿದೆ. ಬಾಕ್ಸಿನ ಟೆಂಪ್ರೇಚರ್ ನೋಡೋಕೆ ಗನ್ ಇದೆಯಲ್ಲ, ಟ್ರಿಗರ್ ಒತ್ತಿದ್ರೆ ದೂರದಿಂದಲೇ ಎಷ್ಟು ಡಿಗ್ರಿ ತೋರಿಸುತ್ತೆ, ಅದನ್ನ ಟೈಲರಮ್ಮನ ಕೈಗೆ ಕೊಟ್ಟು ಹಿಡಿ ಅಂದೆ. ನಾನು ಹಿಡಿದ್ರೆ ಮೋಸ ಅಂತಾರೆ.

ಬಲಗಾಲ ಬೆರಳು ಇಪ್ಪತ್ಮೂರು. ಎಡಗಾಲ ಬೆರಳು ಹನ್ನೆರಡು.

ಗನ್ನು ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಯ್ತು. ಎಲ್ರೂ ಒಂದೊಂದು ಸಲ ಒತ್ತಿ ನೋಡಿದ್ರು. ಅಕ್ಕ ಎರಡು ಸಲ ಒತ್ತಿದ್ಲು, ಆಮೇಲೆ ಅದನ್ನ ಪಕ್ಕಕ್ಕಿಟ್ಟು ತನ್ನ ಅಂಗೈಯಲ್ಲೇ ನನ್ನ ಎಡಗಾಲ ಬೆರಳು ಹಿಡ್ಕೊಂಡ್ಲು, ಬಿಡಲಿಲ್ಲ. ಬೆಚ್ಚಗಾಗೋವರೆಗೂ ಹಂಗೇ ಹಿಡ್ಕೊಂಡು ಕೂತಿದ್ಲು.

ಬೆಚ್ಚಗಾದ ಮೇಲೆ ನಾನು ಎಡಗಾಲಿಂದೂ ತೆಗೆದೆ. ಫ್ರೀಜರ್ ಬಾಗಿಲ ಪಕ್ಕ ಗೋಡೇಲಿ ಹಳೇ ಕ್ಯಾಲೆಂಡರ್ ಮೊಳೆ ಇತ್ತು, ಜೊತೆ ಉಂಗುರ ದಾರದಲ್ಲಿ ಪೋಣಿಸಿ ಅದಕ್ಕೆ ನೇತುಹಾಕಿದೆ. ಟೈಲರಮ್ಮ ಬ್ಯಾಗಿಂದ ಬಿಳೀ ದಾರದ ಉಂಡೆ ತೆಗೆದು ಕ್ಯಾಂಟೀನಿಗೆ ಹೋದ್ಲು. ಬರುವಾಗ ದಾರ ಹಳದಿ ಆಗಿತ್ತು, ಕೈಯೆಲ್ಲಾ ಅರಿಶಿನ. ತಾಳಿ ಹೆಚ್ಚಿದಾಗ, ಅಂದ್ರೆ ಸರ ಕಿತ್ತೋದಾಗ, ಅರಿಶಿನ ದಾರ ಕಟ್ಕೊಳ್ಳಲ್ವಾ, ಕಾಲುಂಗುರಕ್ಕೆ ಯಾಕಾಗಲ್ಲ ಅಂತ ಕೇಳಿದ್ಲು. ಒಂದೇ ಎಳೆ, ಸಡಿಲವಾಗಿ, ಬೆರಳು ಊದಿದ್ರೆ ತಾನೇ ಕಿತ್ತು ಹೋಗೋ ಹಂಗೆ ಕಟ್ಟಬೇಕು ಅಂತ ನಾನು ಷರತ್ತು ಹಾಕಿದೆ. ಒಪ್ಪಿದ್ರು. ಸಂಜೆ ಹೊತ್ತಿಗೆ ಗೋಡೇಲಿ ಮೊಳೆ ಸಾಲದೆ ಬಂತು. ಕೊನೇದಾಗಿ ಅಕ್ಕ ತೆಗೆದಿದ್ದು, ಗಂಡ ಕೇಳಿದ್ರೆ ನಿನ್ನ ಎಸ್ರು ಏಳ್ತೀನಿ ಅಂತ ನನಗೆ ಎಚ್ಚರಿಕೆ ಕೊಟ್ಟು.

ಹೊಸ ಬೂಟಿನ ಅಳತೆ ಈ ಸಲ ಸಂಜೆ ನಾಲ್ಕಕ್ಕೆ ತಗೊಂಡೆ, ದಿನವೆಲ್ಲಾ ನಿಂತು ಕಾಲು ಊದಿರುವಾಗ. ಬರಿಗಾಲಲ್ಲಿ ಅಲ್ಲ, ದಪ್ಪ ಸಾಕ್ಸ್ ಹಾಕಿಸಿ. ಮುಂದೆ ಹೆಬ್ಬೆರಳಗಲ ಜಾಗ, ಬೂಟೊಳಗೆ ಬೆರಳೆಲ್ಲಾ ಆಡಿಸೋಕಾಗ್ಬೇಕು. ಮೂತೀಲಿ ಕಬ್ಬಿಣದ ಬದಲು ಗಟ್ಟಿ ಪ್ಲಾಸ್ಟಿಕ್ ಕವಚ.

ಬಾಕಿ ಇದ್ದಿದ್ದು ಅರಕಲಗೂಡು. ಭಾನುವಾರ ಬಸ್ ಹತ್ತಿ ಅವಳ ಮನೆಗೆ ಹೋದೆ. ಬೆರಳ ತುದಿ ಕಪ್ಪಾಗಿತ್ತು, ಉಗುರು ಬಿದ್ದಿತ್ತು. ಆದ್ರೆ ಕೆಳಗೆ ಕೆಂಪು ಚರ್ಮ ಬರ್ತಿದೆ, ಬೆರಳು ಉಳಿಯುತ್ತೆ ಅಂತ ಡಾಕ್ಟ್ರು ಹೇಳಿದ್ರಂತೆ. ಅತ್ತೆ ನನಗೆ ಚೇರ್ ಹಾಕಿ, ಕಾಫಿ ಕೊಟ್ಟು, ಎದುರಿಗೆ ಕೂತು ನನ್ನ ಮುಖ ನೋಡ್ಲೇ ಇಲ್ಲ. ಕಾಲನ್ನೇ ನೋಡ್ತಿದ್ರು. ಬೇಕಂತಲೇ ದಾರ ಕಟ್ಕೊಂಡೇ ಹೋಗಿದ್ದೆ.

"ನಿಮ್ಮೋರು ಚೆನ್ನಾಗವ್ರಾ?"

"ಬೆಳಿಗ್ಗೆ ತಾನೇ ಚಟ್ನೀಗೆ ಉಪ್ಪು ಜಾಸ್ತಿ ಅಂತ ಜಗಳ ಆಡಿದ್ರು. ಚೆನ್ನಾಗೇ ಅವ್ರೆ ಕಣಮ್ಮ."

ನಗ್ಲಿಲ್ಲ ಅವರು. ಮೂಲೇಲಿ ಟ್ರಾಕ್ಟರ್ ಗ್ರೀಸ್ ಕೈ ಒರೆಸ್ಕೋತಾ ನಿಂತಿದ್ದ ಮಗ, ಅಂದ್ರೆ ಅವಳ ಗಂಡ, ನಾನು ಇವಳ ಬೆರಳಿಗೆ ಜೋತುಬಿದ್ದು ಬದುಕಿಲ್ಲ ಕಣವ್ವ ಅಂದ. ನಾನು ಆಡಬೇಕಾದ ಮಾತು ಇನ್ನೊಂದಿತ್ತು, ಅದನ್ನ ಆಡಿದೆ: ನಿಮ್ಮ ಸೊಸೆ ತಪ್ಪಲ್ಲ, ಬೂಟಿನ ಅಳತೆ ನಂದು, ಎರಡನೇ ಸಾಕ್ಸು ನಂದು. ಕತ್ತರಿಸಿ ಅಂದೋಳೂ ನಾನೇ. ಬೈಯೋದಾದ್ರೆ ನನಗೆ ಬೈಯಿರಿ. ಅವರು ಬೈಲೂ ಇಲ್ಲ, ಒಪ್ಪಲೂ ಇಲ್ಲ. ಇವತ್ತಿಗೂ ಒಪ್ಪಿಲ್ಲ. ಅವರ ಒಪ್ಪಿಗೆಗೆ ಕಾದಿದ್ರೆ ಇನ್ನೊಂದು ಬೆರಳು ಹೋಗಿರೋದು.

ಎರಡು ತಿಂಗಳಾದ ಮೇಲೆ ಅವಳು ವಾಪಸ್ ಬಂದ್ಲು. ಚಳಿ ತಾಗಿದ ಬೆರಳಿಗೆ ಮತ್ತೆ ಬೇಗ ತಾಗುತ್ತೆ, ಈ ವರ್ಷ ಫ್ರೀಜರ್ ಒಳಗೆ ಕಳಿಸಬೇಡಿ ಅಂತ ಡಾಕ್ಟ್ರು ಕಾಗದ ಕೊಟ್ಟಿದ್ರು. ಅವಳ ಜಾಗಕ್ಕೆ ಇನ್ನೊಬ್ಬಳು ಬಂದಿದ್ದಳು. ಹಂಗಾದ್ರೆ ಇವಳಿಗೆ ಕೆಲಸ ಎಲ್ಲಿದೆ ಅಂತ ಮ್ಯಾನೇಜರ್ರು ಕೇಳಿದ್ರು. ಬಾಗಿಲಲ್ಲಿ ಇದೆ ಅಂದೆ.

ಅಷ್ಟೊತ್ತಿಗೆ ಕ್ಯಾಲೆಂಡರ್ ಮೊಳೆ ಹೋಗಿ ಒಂದು ಮರದ ಹಲಗೆ ಬಂದಿತ್ತು. ಎಂಟು ಮೊಳೆ, ಎಂಟು ಜೊತೆ. ಉಂಗುರ ಮೊಳೆಗೆ ಬೀಳದೆ ಯಾರೂ ಒಳಗೆ ಹೋಗಂಗಿಲ್ಲ, ಮೊಳೇಲಿ ಉಂಗುರ ಇರೋವರೆಗೂ ಆ ಹೆಂಗಸು ಶಿಫ್ಟಲ್ಲಿ ಇದಾಳೆ ಅಂತ ಲೆಕ್ಕ. ಈಗ ಮಧ್ಯಾಹ್ನದ ಶಿಫ್ಟಿಗೂ ಒಂದು ಹಲಗೆ ಇದೆ, ಲೋಡಿಂಗಿನ ಗಂಡಸರಿಗೂ ಇದೆ. ಅವರಿಗೆ ಕಾಲುಂಗುರ ಎಲ್ಲಿಂದ ಬರಬೇಕು, ಬೈಕ್ ಕೀ ನೇತುಹಾಕ್ತಾರೆ.

ಅವಳ ಕೆಲಸ ಆ ಬಾಗಿಲು. ಜಾಕೆಟ್ಟಿನ ತೋಳೊಳಗೆ ಕೈ ಹಾಕಿ ಒಣಗಿದೆಯಾ ನೋಡೋದು, ಬೂಟೊಳಗೆ ಪೇಪರ್ ಉಳಿದಿದೆಯಾ ನೋಡೋದು, ಮೊಳೆ ಎಣಿಸೋದು, ಆಮೇಲೆ ಬಾಗಿಲು ತೆಗೆಯೋದು. ಮೊದಲ ದಿನ ಬಂದೋಳೇ ಕರ್ಚೀಫ್ ಬಿಚ್ಚಿ ಆ ಕತ್ತರಿಸಿದ ಉಂಗುರ ತೆಗೆದು, ಹಲಗೆಯ ಮೇಲಂಚಿಗೆ ಹೊಸ ಮೊಳೆ ಹೊಡೆದು ಸಿಕ್ಕಿಸಿದ್ಲು. ಬೆಸುಗೆ ಹಾಕಿಸಿರ್ಲಿಲ್ಲ.

ಅದೇ ದಿನ ಹನ್ನೊಂದು ಗಂಟೆಗೆ ಹೊರಗಿಂದ ಮಾಲು ನೋಡೋಕೆ ಯಾರೋ ಬಂದಿದ್ರು. ಮ್ಯಾನೇಜರ್ರು ಅವರನ್ನ ಕರ್ಕೊಂಡು ಅವಸರದಲ್ಲಿ ಬಂದು, ಜಾಕೆಟ್ ಏರಿಸ್ಕೊಂಡು, ಬಾಗಿಲು ತೆಗಿಯಮ್ಮ ಅಂದ್ರು. ಅವಳು ಹಿಡಿ ಮೇಲೆ ಕೈ ಇಟ್ಕೊಂಡೇ ನಿಂತ್ಲು. ತೆಗೀಲಿಲ್ಲ.

"ಸಾ, ಉಂಗ್ರ."

ಅವರಿಗೆ ಅರ್ಥವಾಗ್ಲಿಲ್ಲ. ಅವಳು ಅವರ ಬಲಗೈ ಕಡೆ ಗದ್ದ ಎತ್ತಿ ತೋರಿಸಿದ್ಲು. ಇದು ಜ್ಯೋತಿಷ್ಯದೋರು ಹಾಕಿಸಿದ್ದಮ್ಮ, ತೆಗೆಯಂಗಿಲ್ಲ ಅಂದ್ರು. ಪಕ್ಕದಲ್ಲಿ ಬೇರೆ ಊರಿನೋರು ನಿಂತು ನೋಡ್ತಿದಾರೆ. ಅವಳು ಹಲಗೆ ಮೇಲಿನ ತನ್ನ ಬಾಯಿ ಬಿಟ್ಟ ಉಂಗುರ ಒಂದು ಸಲ ನೋಡಿ ಮತ್ತೆ ಅವರನ್ನ ನೋಡಿದ್ಲು. ಒಳಗೆ ಹೋಗೋಕೆ ಸಾಲಲ್ಲಿ ನಿಂತಿದ್ದ ನಾವು ಎಂಟು ಜನಾನೂ ಅವರನ್ನೇ ನೋಡ್ತಿದ್ವಿ.

ಹವಳದ ಉಂಗುರ ತಿರುಗ್ತು, ತಿರುಗ್ತು, ಕೊನೆಗೆ ಗೆಣ್ಣು ದಾಟಿ ಬಂತು. ಅವರೇ ಕೈಯಾರೆ ಅವಳ ಉಂಗುರದ ಮೊಳೆಗೇ ಹಾಕಿದ್ರು. ಬಾಗಿಲು ತೆರೀತು.

ಹಾಸನದಲ್ಲಿ ಎಲ್ಲಿ ಚಳಿ ಅಂದೋರು ಬನ್ನಿ, ಇಪ್ಪತ್ತು ನಿಮಿಷ ಒಳಗೆ ನಿಲ್ಲಿಸ್ತೀನಿ, ಒಣಗಿದ ಜಾಕೆಟ್ಟೇ ಕೊಡ್ತೀನಿ. ಕಾಲುಂಗುರ ಎಲ್ಲಿ ಅಂತ ಕೇಳಿದ್ರಲ್ಲ, ನಿಮಗೂ ಹೇಳ್ತೀನಿ. ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕರವರೆಗೆ, ಎಡಗಡೆಯಿಂದ ಮೂರನೇ ಮೊಳೆ.